ಹೊಸಿಲ ಮೇಲಿನ ಕೀಪರ್

ನನ್ನ ಗೆಳತಿ ದೇಶದ ಹದಿನೇಳು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದಾಗ ಕುಂಬಾರಕೊಪ್ಪಲಿನ ನಮ್ಮ ಬೀದಿಯ ತಿರುವಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿದರು. ಅದಕ್ಕೆ ಹಾಕಿದ್ದು ನಾವಿಬ್ಬರೂ ಸೇರಿ ತೆಗೆಸಿಕೊಂಡಿದ್ದ ಫೋಟೋ. ನನ್ನನ್ನು ಕತ್ತರಿಸಿ ತೆಗೆದು ಅವಳನ್ನು ಮಾತ್ರ ದೊಡ್ಡದು ಮಾಡಿದ್ದರು. ಕತ್ತರಿಸಿದವನಿಗೆ ಆತುರವಿತ್ತೆಂದು ಕಾಣುತ್ತದೆ, ಅವಳ ಭುಜದ ಮೇಲೆ ನನ್ನ ನಾಲ್ಕು ಬೆರಳು ಹಾಗೇ ಉಳಿದುಬಿಟ್ಟಿದ್ದವು. ಹಾಲು ತರಲು ಹೋಗುವಾಗ, ಕಾಲೇಜಿನ ಬಸ್ಸು ಹಿಡಿಯಲು ಹೋಗುವಾಗ ನನ್ನ ಬೆರಳುಗಳನ್ನು ನಾನೇ ನೋಡಿಕೊಂಡು ಹೋಗಬೇಕಿತ್ತು. ಅಂಗಡಿಯವರು ಬೇರೆ ಕರೆದು ಕೇಳುತ್ತಿದ್ದರು, "ನಿನ್ನ ಫ್ರೆಂಡು ಇಂಡಿಯಾಗೆ ಆಡ್ತಾಳಂತಲ್ಲಮ್ಮ, ನೀನ್ಯಾಕೆ ಹೋಗ್ಲಿಲ್ಲ?" ಹೋಗಲು ಅದೇನು ಚಾಮುಂಡಿ ಬೆಟ್ಟವೇ, ಬಸ್ಸು ಹತ್ತಿಕೊಂಡು ಹೋಗಿಬರಲು?

ಹೊಟ್ಟೆಕಿಚ್ಚು ಎಂಬ ಮಾತನ್ನು ಮೊದಲು ಆಡಿದವರು ನನ್ನಂಥವರೇ ಯಾರೋ ಇರಬೇಕು. ಕಿಚ್ಚು ನಿಜವಾಗಿಯೂ ಹೊಟ್ಟೆಯಲ್ಲೇ ಇರುತ್ತದೆ, ಎದೆಯಲ್ಲೂ ಅಲ್ಲ, ತಲೆಯಲ್ಲೂ ಅಲ್ಲ. ಊಟ ಮಾಡಿದರೂ ಉರಿ, ಬಿಟ್ಟರೂ ಉರಿ. ಇದಕ್ಕೆ ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಬುದ್ಧಿ ಹೇಳುವವರು ಒಂದು ವರ್ಷ ಎರಡನೇ ಕೀಪರ್ ಆಗಿ ಬೆಂಚಿನ ಮೇಲೆ ಕೂತು ಆಮೇಲೆ ಬಂದು ಹೇಳಲಿ. ಬೇರೆ ಆಟಗಾರರನ್ನಾದರೆ ಅಲ್ಲೋ ಇಲ್ಲೋ ಒಂದು ಕಡೆ ತೂರಿಸಬಹುದು. ಗೋಲಿನ ಮುಂದೆ ನಿಲ್ಲುವುದು ಒಬ್ಬಳೇ. ಅವಳು ನಿಂತಿದ್ದರೆ ನಾನು ಕೂತಿರಬೇಕು.

ಇನ್ನೂ ಉರಿಯುವ ಸಂಗತಿಯೆಂದರೆ ಅವಳನ್ನು ಗೋಲಿಗೆ ನಿಲ್ಲಿಸಿದವಳೇ ನಾನು. ಮೊದಲು ಅವಳು ಮುಂದೆ ಆಡುತ್ತಿದ್ದಳು, ಅಷ್ಟೇನೂ ಚೆನ್ನಾಗಿ ಅಲ್ಲ. ಒಂದು ಪಂದ್ಯದ ಹಿಂದಿನ ದಿನ ನನ್ನ ಮಣಿಕಟ್ಟು ಉಳುಕಿತು. ಕೈಯೆಲ್ಲ ಊದಿಕೊಂಡಿತ್ತು. ನನ್ನ ಗ್ಲೌಸನ್ನು ಅವಳಿಗೆ ಕೊಟ್ಟು, "ಇದೊಂದು ಮ್ಯಾಚು ನಿಂತ್ಕೋ ಕಣೇ, ಚೆಂಡು ಬಂದ್ರೆ ಅಡ್ಡ ಬೀಳು ಸಾಕು" ಎಂದೆ. ಅವಳು ಅಡ್ಡ ಬಿದ್ದಳು. ಬಿದ್ದವಳು ಮತ್ತೆ ಅಲ್ಲಿಂದ ಏಳಲೇ ಇಲ್ಲ. ಪೆನಾಲ್ಟಿಯಲ್ಲಿ ಒದೆಯುವ ಕಾಲನ್ನು ನೋಡಬಾರದು, ನೆಲಕ್ಕೆ ಊರಿದ ಕಾಲನ್ನು ನೋಡಬೇಕು, ಅದು ಯಾವ ಕಡೆ ತಿರುಗುತ್ತದೋ ಚೆಂಡು ಆ ಕಡೆಗೇ ಎಂದು ಮೈದಾನದ ಮಣ್ಣಿನಲ್ಲಿ ಗೆರೆ ಎಳೆದು ಕಲಿಸಿದವಳೂ ನಾನೇ.

ರಾಷ್ಟ್ರೀಯ ತಂಡದ ಕ್ಯಾಂಪಿಗೆ ಇಬ್ಬರನ್ನೂ ಕರೆದರು. ಕೊನೆಗೆ ಅವಳನ್ನು ಉಳಿಸಿಕೊಂಡು ನನ್ನನ್ನು ಸ್ಟ್ಯಾಂಡ್‌ಬೈ ಎಂದು ಮನೆಗೆ ಕಳಿಸಿದರು. ಆಟದಲ್ಲಿ ನೀವಿಬ್ಬರೂ ಒಂದೇ, ಅವಳು ನಿನಗಿಂತ ಸ್ವಲ್ಪ ಎತ್ತರ ಇದ್ದಾಳೆ ಎಂದು ಕೋಚ್ ಹಿಂದಿಯಲ್ಲಿ ಸಮಾಧಾನ ಹೇಳಿದರು. ಆ ಎತ್ತರವನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಾನು ರೈಲಿನಲ್ಲಿ ಮೈಸೂರಿಗೆ ಬಂದೆ. ಆಟದಲ್ಲಿ ಸೋತಿಲ್ಲ, ಅಳತೆಯಲ್ಲಿ ಸೋತಿದ್ದೇನೆ. ಅವಳ ಎತ್ತರ ಅವಳ ಅಜ್ಜಿಯದು. ದಿವಾನದ ಮೇಲೆ ಕೂತರೂ ಅಜ್ಜಿಯ ಎರಡೂ ಪಾದ ನೆಲಕ್ಕೆ ಸಲೀಸಾಗಿ ಊರಿರುತ್ತಿದ್ದವು. ನಮ್ಮ ಮನೆಯಲ್ಲಿ ಅಟ್ಟದ ಡಬ್ಬಿ ಇಳಿಸಲು ಎಲ್ಲರಿಗೂ ಸ್ಟೂಲು ಬೇಕು.

ವಿದೇಶದಲ್ಲಿ ನಡೆಯುತ್ತಿದ್ದ ಆ ಪಂದ್ಯಾವಳಿಯಲ್ಲಿ ನಮ್ಮ ತಂಡಕ್ಕೆ ಕೊನೆಯ ಪಂದ್ಯ ಡ್ರಾ ಆದರೂ ಸಾಕಿತ್ತು, ಮುಂದಿನ ಸುತ್ತಿಗೆ ಹೋಗುತ್ತಿತ್ತು. ಹೋದರೆ ಮತ್ತೆ ಕ್ಯಾಂಪ್, ಮತ್ತೆ ಆಯ್ಕೆ, ಸ್ಟ್ಯಾಂಡ್‌ಬೈ ಇದ್ದವರಿಗೂ ಕರೆ. ಸೋತರೆ ಅಲ್ಲಿಗೇ ಮುಗಿಯಿತು, ಮುಂದಿನ ಸಲಕ್ಕೆ ನನ್ನ ವಯಸ್ಸು ದಾಟಿರುತ್ತಿತ್ತು. ಅಂದರೆ ದೇಶ ಉಳಿಯಬೇಕು, ಅವಳು ಕೆಡಬೇಕು. ಭಾರತ ಐದು ಗೋಲು ಹೊಡೆಯಲಿ, ಅವಳು ನಾಲ್ಕು ಬಿಡಲಿ. ಪಂದ್ಯದ ದಿನ ಬೆಳಿಗ್ಗೆ ಸ್ನಾನ ಮಾಡಿ ದೇವರಿಗೆ ಕೈಮುಗಿದು ಈ ಲೆಕ್ಕವನ್ನು ಸರಿಯಾಗಿಯೇ ಒಪ್ಪಿಸಿದೆ. ಅಷ್ಟರಲ್ಲಿ ಗೆಳತಿಯ ಅಮ್ಮನ ಫೋನ್ ಬಂತು. ಮ್ಯಾಚು ನೋಡಲು ಬಾ, ನಮಗೆ ಈ ಆಟ ಒಂದೂ ಅರ್ಥವಾಗುವುದಿಲ್ಲ, ನೀನಿದ್ದರೆ ಹೇಳುತ್ತೀಯ ಎಂದರು. ನಾನು ತಲೆನೋವು ಎಂದೆ. ನನ್ನಮ್ಮ ಹೊಲಿಗೆ ಯಂತ್ರ ನಿಲ್ಲಿಸದೆಯೇ, "ಹೋಗ್ಬಾ ಎದ್ದು. ಮನೇಲಿ ಮುಖ ಊದಿಸ್ಕೊಂಡು ಕೂತ್ಕೊಂಡ್ರೆ ಅವಳೇನು ವಾಪಸ್ ಬಂದ್ಬುಡ್ತಾಳಾ?" ಎಂದಳು.

ಮಧ್ಯಾಹ್ನ ಅವರ ಮನೆಯ ಸೋಫಾದಲ್ಲಿ ಕೂತೆ. ಟಿ.ವಿ.ಯ ಎದುರು ದಿವಾನದ ಮೇಲೆ ಅಜ್ಜಿ, ಕೆಳಗೆ ಚಾಪೆಯ ಮೇಲೆ ಗೆಳತಿಯ ಅಮ್ಮ, ನಡುವೆ ಒಂದು ತಟ್ಟೆ ಕೋಡುಬಳೆ. ರಾಷ್ಟ್ರಗೀತೆಗೆ ಹುಡುಗಿಯರು ಸಾಲಾಗಿ ನಿಂತರು. ಕ್ಯಾಮೆರಾ ಒಬ್ಬೊಬ್ಬರ ಮುಖದ ಮೇಲೆ ಸರಿಯುತ್ತ ಬಂದು ಅವಳ ಮುಖದ ಹತ್ತಿರ ಸ್ವಲ್ಪ ಹೆಚ್ಚೇ ನಿಂತಿತು. ಉಗುರು ಕಚ್ಚುವ ಹುಡುಗಿ ಅವಳು, ಈಗ ಎದೆಯ ಮೇಲೆ ಕೈಯಿಟ್ಟು, ಗಲ್ಲ ಎತ್ತಿ, ದೊಡ್ಡವರ ಹಾಗೆ ನಿಂತಿದ್ದಳು. ಅವಳಮ್ಮ ಅಳುತ್ತಿದ್ದರು. ನನಗೂ ಅಳು ಬಂತು. ಅವರು ನನ್ನನ್ನು ನೋಡಿ, "ಎಷ್ಟು ಪ್ರೀತಿ ನೋಡಿ ಇವಳಿಗೆ" ಎಂದು ಅಜ್ಜಿಗೆ ತೋರಿಸಿದರು. ನಾನು ಒಂದು ಕೋಡುಬಳೆ ಬಾಯಿಗೆ ಹಾಕಿಕೊಂಡೆ.

ಮೊದಲರ್ಧದಲ್ಲೇ ಅವಳ ಕೈಯಿಂದ ಒಂದು ಚೆಂಡು ಜಾರಿ ಗೋಲಾಯಿತು. ಹಿಡಿಯಬಹುದಾದ ಚೆಂಡು. ನಾನು "ಅಯ್ಯೋ" ಎಂದೆ. ಒಳಗೆ ಹಬ್ಬದ ಸಂಭ್ರಮ. ನನ್ನ ಅಯ್ಯೋ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವಳಮ್ಮ ನನ್ನ ಮಂಡಿ ಸವರಿ, "ಹೋಗ್ಲಿ ಬುಡು, ಇನ್ನೂ ಟೈಮಿದೆ" ಎಂದು ನನಗೇ ಧೈರ್ಯ ಹೇಳಿದರು. ಹೌದು, ಟೈಮಿತ್ತು. ಈಗ ನಮ್ಮವರು ಗೋಲು ಹೊಡೆದುಬಿಟ್ಟರೆ ನನ್ನ ಲೆಕ್ಕ ಸರಿಹೋಗುತ್ತಿತ್ತು.

ದ್ವಿತೀಯಾರ್ಧದಲ್ಲಿ ಕೋಡುಬಳೆಯ ಖಾರಕ್ಕೆ ನೀರು ಕುಡಿಯಲು ಎದ್ದು ಹೋದೆ. ಲೋಟ ಕೈಯಲ್ಲಿ ಹಿಡಿದು ಅಡುಗೆಮನೆಯ ಹೊಸಿಲು ದಾಟುತ್ತಿದ್ದೇನೆ, ಟಿ.ವಿ.ಯಲ್ಲಿ ಕೂಗೆದ್ದಿತು. ನಮ್ಮವರು ಗೋಲು ಹೊಡೆದಿದ್ದರು. ಒಂದು ಕಾಲು ಹೊಸಿಲ ಮೇಲೆ ಇಟ್ಟುಕೊಂಡೇ ತಿರುಗಿ ನೋಡಿದೆ.

"ಅಲ್ಲೇ ನಿಂತ್ಕೋ!" ಎಂದು ಅಜ್ಜಿ ಕಿರುಚಿದರು. "ಕದಲ್ಬೇಡ ಕಣಮ್ಮ! ಇನ್ನು ಮ್ಯಾಚು ಮುಗಿಯೋವರ್ಗೂ ಅದೇ ನಿನ್ನ ಜಾಗ."

ಆ ಮನೆಯ ಪದ್ಧತಿ ನನಗೆ ಗೊತ್ತಿತ್ತು. ಕ್ರಿಕೆಟ್ ನೋಡುವಾಗ ಒಳ್ಳೆಯದಾದ ಗಳಿಗೆಯಲ್ಲಿ ಯಾರು ಎಲ್ಲಿದ್ದರೋ ಅಲ್ಲೇ ಇರಬೇಕು. ಗೆಳತಿಯ ಚಿಕ್ಕಪ್ಪನನ್ನು ಒಂದು ಸಲ ಆಟ ಮುಗಿಯುವ ತನಕ ಬಚ್ಚಲುಮನೆಯಿಂದ ಆಚೆಗೇ ಬಿಟ್ಟಿರಲಿಲ್ಲ. ಆದರೆ ಇದು ಹೊಸಿಲು. ಚಿಕ್ಕಂದಿನಿಂದ ಅದರ ಮೇಲೆ ಕಾಲಿಟ್ಟರೆ ಬೈದು ಇಳಿಸುತ್ತಿದ್ದವರು ಇದೇ ಅಜ್ಜಿ.

"ಅಜ್ಜಿ, ಹೊಸಿಲ ಮೇಲೆ ನಿಂತಿದೀನಿ."

"ನಿಂತಿರು. ಇವತ್ತೊಂದಿನ ಲಕ್ಷ್ಮಿ ಏನೂ ಅನ್ನಲ್ಲ."

ನಿಂತೆ. ಅವಳು ಹಾಳಾಗಲಿ ಎಂದು ಬೆಳಿಗ್ಗೆ ಬೇಡಿಕೊಂಡವಳು ಅವಳ ಮನೆಯ ಅದೃಷ್ಟವಾಗಿ, ಕೈಯಲ್ಲಿ ಖಾಲಿ ಲೋಟ ಹಿಡಿದು ನಿಂತೆ. ಅಜ್ಜಿ ಅಲ್ಲಿಂದ ಮುಂದಕ್ಕೆ ಟಿ.ವಿ. ನೋಡುವುದನ್ನೇ ಬಿಟ್ಟು ನನ್ನ ಪಾದಗಳನ್ನು ಕಾಯತೊಡಗಿದರು. ಅವಳಮ್ಮ, "ಕಾರ್ನರ್ ಅಂದ್ರೆ ಏನಮ್ಮ, ಅವಳಿಗೇನೂ ತೊಂದ್ರೆ ಇಲ್ಲ ತಾನೆ?" ಎಂದು ಕೇಳುತ್ತಿದ್ದರು, ನಾನು ಹೊಸಿಲಿನಿಂದಲೇ ಬಿಡಿಸಿ ಹೇಳುತ್ತಿದ್ದೆ. ಅವಳು ಒಂದರ ಹಿಂದೊಂದು ಚೆಂಡು ಹಿಡಿಯತೊಡಗಿದಳು. ಎತ್ತರದ ಚೆಂಡುಗಳು ಬಂದಾಗಲೆಲ್ಲ ನಾನು ಅಜ್ಜಿಯ ಕಡೆ ದುರುಗುಟ್ಟಿಕೊಂಡು ನೋಡಿದೆ. ಇದು ನಿಮ್ಮದು, ಇದೂ ನಿಮ್ಮದು, ಅವಳದೇನಿದೆ ಇದರಲ್ಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಪಂದ್ಯ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು ಇದ್ದಾಗ ನಮ್ಮ ಡಿಫೆಂಡರ್ ಒಬ್ಬಳು ಎದುರಾಳಿಯನ್ನು ಬೀಳಿಸಿದಳು. ಪೆನಾಲ್ಟಿ. ಅವಳಮ್ಮನಿಗೆ ಏನೂ ಬಿಡಿಸಿ ಹೇಳಬೇಕಾಗಲಿಲ್ಲ, ಮಗಳು ಒಬ್ಬಳೇ ನಿಂತಿದ್ದು ಕಂಡೇ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಗೋಲಾದರೆ ನಮ್ಮ ತಂಡ ಮನೆಗೆ, ನನ್ನ ಕ್ಯಾಂಪೂ ಅದರ ಜೊತೆಗೇ ಮಣ್ಣುಪಾಲು. ಹಿಡಿದರೆ ಕ್ಯಾಂಪ್ ಉಂಟು, ಆದರೆ ದೇಶದ ಮಾನ ಉಳಿಸಿದ ಕೀಪರನ್ನು ಕೂರಿಸಿ ನನ್ನನ್ನು ಯಾವ ಕೋಚ್ ನಿಲ್ಲಿಸುತ್ತಾನೆ? ಬೆಳಗಿನ ಲೆಕ್ಕ ಹರಿದುಹೋಯಿತು. ಹೊಸಿಲು ಬಿಟ್ಟು ಇಳಿದುಬಿಡಲೇ ಅನ್ನಿಸಿತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನಂಬದಿದ್ದರೆ ಇಳಿಯಲು ಏನು ಅಡ್ಡಿ ಎಂದು ಯೋಚಿಸುವಷ್ಟರಲ್ಲಿ ಒದೆಯುವವಳು ಚೆಂಡಿಟ್ಟು ಹಿಂದೆ ಹೆಜ್ಜೆ ಇಟ್ಟಳು. ಆಮೇಲೆ ನನಗೆ ಹೊಸಿಲೂ ಕಾಣಲಿಲ್ಲ, ಅಜ್ಜಿಯೂ ಕಾಣಲಿಲ್ಲ. ಗೋಲಿನಲ್ಲಿ ನಾನೇ ನಿಂತಿದ್ದೆ. ಒದೆಯುವವಳು ಓಡಿಬಂದಳು. ನೆಲಕ್ಕೆ ಊರಿದ ಕಾಲನ್ನು ನೋಡಿದೆ. ನನ್ನ ಬಲಕ್ಕೆ ಎಂದು ಖಚಿತವಾಯಿತು.

ಚೆಂಡು ಎಡಕ್ಕೆ ಬಂತು. ನೆಲ ಹಿಡಿದು, ಕಂಬದ ಬುಡಕ್ಕೆ. ನನ್ನ ಗೆಳತಿ ಅಲ್ಲಿಗೆ ಮೊದಲೇ ಹೋಗಿ ಮಲಗಿದ್ದಳು. ಎರಡೂ ಕೈಯಲ್ಲಿ ಚೆಂಡನ್ನು ಅಪ್ಪಿಕೊಂಡಳು.

ಮನೆಯಲ್ಲಿ ಏನೇನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಲೋಟ ಉರುಳಿದ ಸದ್ದು, ಅವಳಮ್ಮನ ಒದ್ದೆ ಕೆನ್ನೆ, ಅಜ್ಜಿ ನನ್ನ ಬಾಯಿಗೆ ತುರುಕಿದ ಸಕ್ಕರೆ. "ನೀನು ನಿಂತಿದ್ದಕ್ಕೇ ಕಣಮ್ಮ, ನೀನು ನಿಂತಿದ್ದಕ್ಕೇ" ಎನ್ನುತ್ತಿದ್ದರು. ನೆನಪಿರುವುದು ಒಂದೇ. ನೆಲ ಹಿಡಿದು ಬಂದ ಆ ಚೆಂಡಿಗೆ ಎತ್ತರ ಬೇಕಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ವಿಡಿಯೋ ಕಾಲ್ ಮಾಡಿದಳು. ಅವಳಮ್ಮ, ಅಜ್ಜಿ ಎಲ್ಲರೂ ಮಾತಾಡಿದ ಮೇಲೆ ಫೋನು ನನ್ನ ಕೈಗೆ ಬಂತು. ಕೂದಲು ಒದ್ದೆಯಾಗಿತ್ತು, ಮೊಣಕೈ ತರಚಿತ್ತು, ಬಾಯಿ ತುಂಬ ನಗು. "ಚೆನ್ನಾಗಿ ಆಡ್ದೆ" ಎಂದೆ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ಮೈದಾನದಲ್ಲಿ ದಿನವೂ ಕೇಳುತ್ತಿದ್ದುದನ್ನೇ ಕೇಳಿದಳು.

"ಪೆನಾಲ್ಟಿ ನೋಡ್ದಾ? ನೀನ್ಯಾವ ಕಡೆ ಅಂದ್ಕೊಂಡೆ?"

"ಎಡಗಡೆ," ಎಂದೆ.

ಪಕ್ಕದಲ್ಲೇ ಇದ್ದ ಅಜ್ಜಿ ಫೋನಿಗೆ ಬಗ್ಗಿದರು. "ಎಡಗಡೆ ಎಲ್ಲಿ? ಬಲಗಡೆಗೆ ವಾಲ್ಬುಟ್ಲು ಕಣೇ ಇವಳು. ನಾನು ಇವಳ ಕಾಲನ್ನೇ ನೋಡ್ತಿದ್ನಲ್ಲ. ಎಲ್ಲಿ ಹೊಸಿಲು ಬಿಟ್ಟು ಬಿದ್ಬುಡ್ತಾಳೋ ಅಂತ ನನ್ನ ಎದೆ ಡವ ಡವ ಅಂತಿತ್ತು." ಅಜ್ಜಿ ನಕ್ಕರು, ಅವಳಮ್ಮನೂ ನಕ್ಕರು. ಅವರಿಗೆ ಎಡವಾದರೇನು, ಬಲವಾದರೇನು.

ಫೋನಿನಲ್ಲಿದ್ದವಳು ನಗಲಿಲ್ಲ. ಅವಳಿಗೆ ಅರ್ಥವಾಗಿತ್ತು. ಆ ಜಾಗದಲ್ಲಿ ನಾನಿದ್ದಿದ್ದರೆ ಗೋಲಾಗುತ್ತಿತ್ತು ಎಂಬುದು ಇಡೀ ಪ್ರಪಂಚದಲ್ಲಿ ಗೊತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು.

"ನಂಗೂ ಮೊದ್ಲು ಬಲಗಡೆ ಅಂತ್ಲೇ ಅನ್ನಿಸ್ತು ಕಣೇ," ಎಂದಳು. "ಹೆಂಗೋ ಈ ಕಡೆ ಬಿದ್ಬುಟ್ಟೆ."

ಸುಳ್ಳು. ಟಿ.ವಿ.ಯಲ್ಲಿ ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದ್ದರು. ಅವಳ ಮೈ ಒಂದು ಕೂದಲೆಳೆಯಷ್ಟೂ ಬಲಕ್ಕೆ ಹೋಗಿರಲಿಲ್ಲ.

ಕೆಲವು ತಿಂಗಳಿಗೆ ಕ್ಯಾಂಪಿಗೆ ನನಗೂ ಕರೆ ಬಂತು. ಹೋದೆ, ಆಡಿದೆ, ಮತ್ತೆ ಅವಳೇ ನಿಂತಳು, ನಾನು ಕೂತೆ. ಈ ಸಲ ಎತ್ತರದ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆಂಚಿನ ಮೇಲೆ ಕೂತ ಉರಿ ಬರಬರುತ್ತಾ ಆರಿದೆ. ಆರದೆ ಉಳಿದಿರುವುದು ಅವಳು ಹೇಳಿದ ಆ ಸುಳ್ಳಿನದು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಚೆಂಡನ್ನು ಹಿಡಿಯುತ್ತಿರಲಿಲ್ಲ, ಆ ಸುಳ್ಳನ್ನೂ ಹೇಳುತ್ತಿರಲಿಲ್ಲ.