ವಾಚು ಹೇಳಿದ್ದರಲ್ಲಿ ಅರ್ಧ

ನಮ್ಮ ಮನೆಯ ಕೊನೆಯ ಮಾಮೂಲು ದಿನ ಒಂದು ಭಾನುವಾರ. ನಮ್ಮವರು ಬೆಳಗಿನ ವಾಕಿಂಗ್ ಮುಗಿಸಿ ಬಂದವರು ನೇರ ಅಡುಗೆಮನೆ ಬಾಗಿಲಿಗೆ ಬಂದು ಕೈಯಲ್ಲಿದ್ದ ವಾಚು ತೋರಿಸಿದರು.

"ಮುನ್ನೂರ ಇಪ್ಪತ್ತು ಕ್ಯಾಲೊರಿ ಕರಗಿದೆ ಕಣೇ. ಎಷ್ಟು ದೋಸೆ ಬರುತ್ತೆ, ಲೆಕ್ಕ ಹಾಕು."

"ವಾಚಿನ ಮಾತು ಕೇಳ್ಕೊಂಡು ದೋಸೆ ತಿಂದ್ರೆ ಬೆಲ್ಟಿಗೆ ಇನ್ನೊಂದು ತೂತು ಹೊಡೀಬೇಕಾಗುತ್ತೆ."

"ಸರಿ, ಅರ್ಧ ನಂಬು. ಗಂಡನ್ನೂ ಅರ್ಧ ತಾನೇ ನಂಬೋದು ನೀನು?"

ಎರಡು ದೋಸೆ ಹಾಕಿಕೊಟ್ಟೆ. ಮಾರನೆಯ ದಿನ ಅದೇ ವಾಕಿಂಗಿನ ದಾರಿಯಲ್ಲಿ ಅವರ ಹೃದಯ ನಿಂತಿತು. ದೋಸೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಅದು ನನಗೂ ಗೊತ್ತಿತ್ತು. ಆದರೂ ಯಾರಾದರೂ ಹೇಳಬೇಕಿತ್ತು.

ಇದು ಎರಡು ವರ್ಷದ ಹಿಂದಿನ ಮಾತು. ನಾನು ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯೆಟಿಷಿಯನ್. ಯಾರು ಏನು, ಎಷ್ಟು ತಿನ್ನಬೇಕೆಂದು ಹೇಳುವುದು ನನ್ನ ಕೆಲಸ. ತಿಂಗಳು ಕಳೆದ ಮೇಲೆ ಕೆಲಸಕ್ಕೆ ಮರಳಿದೆ. ಮನೆಯಲ್ಲಿದ್ದರೆ ಬೆಳಗಿನ ಹೊತ್ತು ಸರಿಯುತ್ತಿರಲಿಲ್ಲ.

ಆ ವಾರವೇ ರತ್ನಮ್ಮ ಬಂದರು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು, ನಲವತ್ತು ದಾಟಿದವರು. ಅವರ ತಮ್ಮನ ಎರಡೂ ಕಿಡ್ನಿ ಹೋಗಿ ಡಯಾಲಿಸಿಸ್ ನಡೆಯುತ್ತಿತ್ತು. ಅಕ್ಕನ ಕಿಡ್ನಿ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ತಿಳಿದಿತ್ತು. ತೊಡಕಾಗಿದ್ದು ತೂಕ. ಐದು ಅಡಿ ಎತ್ತರಕ್ಕೆ ಎಪ್ಪತ್ತೆಂಟು ಕೆ.ಜಿ. ಇದ್ದರು. ಒಂಬತ್ತು ಕೆ.ಜಿ. ಇಳಿಸಿದರೆ ಮಾತ್ರ ಆಪರೇಷನ್ ಎಂದು ಬೆಂಗಳೂರಿನ ಡಾಕ್ಟರು ಹೇಳಿ ಕಳಿಸಿದ್ದರು.

"ಏನು ಕೆಲಸ ಮಾಡ್ತೀರಿ?" ಎಂದು ಕೇಳಿದೆ.

"ನಮ್ದೇನು ಮೇಡಂ, ಮನೇಲೇ ಇರ್ತೀನಿ."

ನಾನು ಹಗುರ ಕೆಲಸದವರು ಎಂದು ಲೆಕ್ಕ ಹಿಡಿದು, ದಿನಕ್ಕೆ ಸಾವಿರದ ನಾನೂರು ಕ್ಯಾಲೊರಿಯ ಊಟ ಗೊತ್ತುಮಾಡಿ, ಮುಕ್ಕಾಲು ಗಂಟೆ ನಡೆಯಲು ಹೇಳಿದೆ. ಅವರ ಕೈಯಲ್ಲಿ ತಮ್ಮ ಕೊಡಿಸಿದ ವಾಚು ಇತ್ತು. ಅದನ್ನು ಮುಂದೆ ಹಿಡಿದು ಕೇಳಿದರು:

"ಇದು ಇಷ್ಟು ಕರಗ್ತು ಅಂತ ತೋರ್ಸುತ್ತಲ್ಲ ಮೇಡಂ, ಅಷ್ಟನ್ನ ಮತ್ತೆ ತಿನ್ನಬಹುದಾ, ತಿನ್ನಬಾರ್ದಾ?"

ಎಲ್ಲರಿಗೂ ಹೇಳುವ ಉತ್ತರವನ್ನೇ ಹೇಳಿದೆ: "ತಿನ್ನಬೇಡಿ."

ಆ ಉತ್ತರಕ್ಕೆ ಕಾರಣವಿದೆ. ವಾಚು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಹೆಚ್ಚೇ ತೋರಿಸುತ್ತದೆ. ದಿನದ ಊಟ ಗೊತ್ತುಮಾಡುವಾಗಲೇ ಒಂದಿಷ್ಟು ಓಡಾಟವನ್ನು ಲೆಕ್ಕಕ್ಕೆ ಹಿಡಿದಿರುತ್ತೇವೆ. ವಾಚು ಹೇಳಿದ್ದನ್ನೂ ಸೇರಿಸಿ ತಿಂದರೆ ಒಂದೇ ನಡಿಗೆಗೆ ಎರಡು ಸಲ ಊಟ ಮಾಡಿದಂತೆ. ಅರ್ಧ ಗಂಟೆ ನಡೆದು ಹೋಟೆಲಿನಲ್ಲಿ ಒಂದು ಪ್ಲೇಟ್ ಪೂರಿ ತಿಂದರೆ ತೂಕ ಇಳಿಯುವುದಿಲ್ಲ.

ಮೊದಲ ತಿಂಗಳಲ್ಲೇ ರತ್ನಮ್ಮ ಆರು ಕೆ.ಜಿ. ಇಳಿದರು. ಇಷ್ಟು ಬೇಗ ಇಳಿದದ್ದು ನನಗೆ ಸರಿ ಕಾಣಲಿಲ್ಲ. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕುಸಿದಿತ್ತು. ಹೀಗೇ ಆದರೆ ಬೇರೆ ದಾನಿಯನ್ನು ನೋಡಿಕೊಳ್ಳಿ ಎಂದು ಬೆಂಗಳೂರಿನಿಂದ ಮಾತು ಬಂತು. ಬೇರೆ ದಾನಿ ಆ ಮನೆಯಲ್ಲಿ ಇರಲಿಲ್ಲ. ಇದಾಗಿ ನಾಲ್ಕೈದು ದಿನಕ್ಕೆ ಅವರ ಗಂಡ ಫೋನ್ ಮಾಡಿದರು. "ಹುಳದ ಮನೇಲಿ ತಲೆ ಸುತ್ತಿ ಬಿದ್ಬಿಟ್ಲು ಮೇಡಂ. ಆಸ್ಪತ್ರೆಗೆ ಬಾ ಅಂದ್ರೆ, ಸೊಪ್ಪು ಹಾಕೋರ್ಯಾರು ಅಂತಾಳೆ."

ಹುಳದ ಮನೆ ಎಂದರೆ ರೇಷ್ಮೆಹುಳು ಸಾಕುವ ಕಟ್ಟಡ. ಅಂಥದ್ದೊಂದು ಅವರ ಮನೆಗೆ ಅಂಟಿಕೊಂಡಂತೆ ಇದೆ ಎಂದು ನನಗೆ ತಿಳಿದದ್ದೇ ಆಗ. ಮರುದಿನ ಬೆಳಿಗ್ಗೆ ಹೊರಟೆ.

ಬಾಗಿಲಲ್ಲಿ ಕಾಲು ತೊಳೆಯಲು ಔಷಧಿಯ ನೀರು ಇಟ್ಟಿದ್ದರು. ನಾನು ಹೊರಗೇ ನಿಂತೆ. ಸಾವಾದ ಮನೆಯವರನ್ನು ಸೂತಕವೆಂದು ಹುಳದ ಹತ್ತಿರ ಬಿಡದವರೂ ಇದ್ದಾರೆ. ರತ್ನಮ್ಮನವರ ಅತ್ತೆಗೆ ವಿಷಯ ಹೇಳಿದೆ. ಮುದುಕಿ ನನ್ನ ಮುಖ ನೋಡಿ, "ರಾ ತಲ್ಲಿ, ಒಳಕ್ಕೆ ಬಾ ತಾಯಿ. ಹುಳಕ್ಕೇನು ಗೊತ್ತು ಯಾರ್ ಮನೇಲಿ ಏನಾಗದೆ ಅಂತ? ಕಾಲು ಮಾತ್ರ ನೆಟ್ಟಗೆ ತೊಳ್ಕೊ" ಎಂದರು.

ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಗೂಡು ಕಟ್ಟುವ ಮುಂಚಿನ ವಾರದಲ್ಲಿ ಅವು ಬಿಡುವಿಲ್ಲದೆ ತಿನ್ನುತ್ತವೆ. ತೋಟದಲ್ಲಿ ಹಿಪ್ಪುನೇರಳೆ ರೆಂಬೆ ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಹಾಸಬೇಕು. ಹಿಂದಿನ ದಿನ ಬಿದ್ದಿದ್ದ ರತ್ನಮ್ಮ ಆಗಲೇ ಎದ್ದು ಹೊರೆ ಬಿಚ್ಚುತ್ತಿದ್ದರು.

"ಮನೇಲೇ ಇರ್ತೀನಿ ಅಂದಿದ್ರಲ್ಲ ರತ್ನಮ್ಮ?"

"ಇದೂ ಮನೇನೇ ಅಲ್ವಾ ಮೇಡಂ?" ಅವರು ತಮಾಷೆಗೆ ಹೇಳಿದ್ದಲ್ಲ.

"ಇದರ ಜೊತೆಗೆ ವಾಕಿಂಗ್ ಬೇರೆ?"

"ನೀವೇ ಹೇಳಿದ್ರಲ್ಲ!"

ಅತ್ತೆ ನಡುವೆ ಬಾಯಿ ಹಾಕಿದರು. "ದಿನಾ ಸಾಯಂಕಾಲ ಕೈ ಬೀಸ್ಕೊಂಡು ಕೆರೆ ಏರಿ ಮ್ಯಾಲೆ ಹೋಗ್ತಾಳಮ್ಮ. ಎಮ್ಮೆ ಕಳ್ಕೊಂಡಿದೀಯೇನೇ ಅಂತ ಊರೋರೆಲ್ಲ ಕೇಳ್ತಾವ್ರೆ."

ಎಲ್ಲರೂ ನಕ್ಕೆವು. ನಾನು ಹಾಗೆ ನಕ್ಕು ಬಹಳ ದಿನವಾಗಿತ್ತು.

ವಾಚು ನೋಡಿದೆ. ಸೊಪ್ಪಿನ ಕೆಲಸ ಹೆಚ್ಚಿದ್ದ ದಿನಗಳಲ್ಲಿ ಏಳುನೂರರ ಸುತ್ತಮುತ್ತ ತೋರಿಸುತ್ತಿತ್ತು. ಇದರಲ್ಲಿ ಒಂದಷ್ಟು ಸುಳ್ಳು, ಆದರೆ ಪೂರ್ತಿ ಸುಳ್ಳಲ್ಲ. ನಾನು ಕೊಟ್ಟ ಊಟದ ಲೆಕ್ಕದಲ್ಲಿ ಈ ದುಡಿಮೆ ಎಲ್ಲೂ ಇರಲಿಲ್ಲ. ಎಷ್ಟು ಸೇರಿಸಲಿ ಎಂದು ಯೋಚಿಸುತ್ತಿರುವಾಗಲೇ ಬಾಯಿಂದ ಮಾತು ಬಂತು. "ಅರ್ಧ ನಂಬೋಣ."

ಹೇಳಿದ ಮೇಲೆ ಅದು ಯಾರ ಮಾತೆಂದು ನೆನಪಾಯಿತು. ತಲೆ ತಗ್ಗಿಸಿ ವಾಚು ನೋಡುತ್ತಲೇ ಇದ್ದೆ. ಅದರಲ್ಲಿ ನೋಡುವುದು ಇನ್ನೇನೂ ಇರಲಿಲ್ಲ.

ಹೀಗೆ ತೀರ್ಮಾನಿಸಿದೆವು. ಸೊಪ್ಪಿನ ದಿನಗಳಲ್ಲಿ ವಾಕಿಂಗ್ ಬೇಡ. ಆ ದಿನಗಳಲ್ಲಿ ಇನ್ನೊಂದು ರಾಗಿಮುದ್ದೆ, ಒಂದು ಮೊಟ್ಟೆ, ಸ್ವಲ್ಪ ಕಡಲೆಕಾಯಿ ಹೆಚ್ಚಿಗೆ ತಿನ್ನಬೇಕು. ಹುಳ ಇಲ್ಲದ ದಿನಗಳಲ್ಲಿ ಮೊದಲಿನ ಊಟವೇ. ಆಗ ವಾಕಿಂಗ್ ಮಾಡಬೇಕು, ಅದರ ಹೆಸರಲ್ಲಿ ಹೆಚ್ಚು ತಿನ್ನಬಾರದು. ಹಿಮೋಗ್ಲೋಬಿನ್ನಿಗೆ ನಮ್ಮ ಆಸ್ಪತ್ರೆಯ ಡಾಕ್ಟರು ಮಾತ್ರೆ ಬರೆದರು.

ರತ್ನಮ್ಮ ಸುಲಭಕ್ಕೆ ಒಪ್ಪಲಿಲ್ಲ. "ಒಂದು ತುತ್ತು ಹೆಚ್ಚಿಗೆ ತಿಂದ್ರೂ ತಮ್ಮನ ಬಾಯಿಂದ ಕಿತ್ಕೊಂಡಂಗೆ ಅನ್ಸುತ್ತೆ ಮೇಡಂ."

"ಬಿದ್ದು ಮಲಗಿರೋರ ಕಿಡ್ನೀನ ಯಾವ ಡಾಕ್ಟರೂ ಮುಟ್ಟಲ್ಲ. ತಮ್ಮನಿಗೋಸ್ಕರ ಊಟ ಬಿಟ್ರಲ್ಲ, ಅವನಿಗೋಸ್ಕರಾನೇ ತಿನ್ನಿ."

ಉಳಿದ ಮೂರು ಕೆ.ಜಿ. ಇಳಿಯಲು ಮೂರು ತಿಂಗಳಾಯಿತು. ಒಂದು ತಿಂಗಳು ತೂಕದ ಮುಳ್ಳು ಅಲುಗಲೇ ಇಲ್ಲ, ಅವರು ನನ್ನೆದುರು ಅತ್ತರು. ಅಷ್ಟರಲ್ಲಿ ತಮ್ಮ ಎರಡು ಸಲ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ. ನಿಧಾನವಾಗಿ ಇಳಿಸಿ ಎಂದು ಹೇಳಿದ ನನಗೆ ಆ ದಿನಗಳಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಆದರೆ ಮುಂದಿನ ರಕ್ತಪರೀಕ್ಷೆ ಚೆನ್ನಾಗಿ ಬಂತು. ಆಪರೇಷನ್ನೂ ಆಯಿತು. ಅಕ್ಕ ತಮ್ಮ ಇಬ್ಬರೂ ಉಳಿದರು. ತಮ್ಮ ಈಗ ಚಿಂತಾಮಣಿಯಲ್ಲಿ ಮತ್ತೆ ತನ್ನ ಪಂಪ್‌ಸೆಟ್ ರಿಪೇರಿ ಅಂಗಡಿ ತೆಗೆಯುತ್ತಾನೆ.

ಹೋದ ವರ್ಷ ಅವರೇಕಾಯಿ ಕಾಲದಲ್ಲಿ ಇಬ್ಬರೂ ಒಂದು ಚೀಲ ಕಾಯಿ ಹೊತ್ತುಕೊಂಡು ಮನೆಗೆ ಬಂದಿದ್ದರು. ರತ್ನಮ್ಮ ಗೋಡೆಯ ಮೇಲಿನ ಫೋಟೋ ನೋಡಿ, "ಯಜಮಾನ್ರಾ?" ಎಂದು ಕೇಳಿದರು. ಹೌದು ಎಂದೆ. ಅರ್ಧದ ಲೆಕ್ಕ ಅವರದು ಎಂದು ಹೇಳೋಣ ಅನ್ನಿಸಿತು. ಕಾಯಿ ಸುರಿಯಲು ಮೊರ ತರಲು ಎದ್ದೆ.

ಈಗ ನಾನು ಯಾರನ್ನೂ ಏನು ಕೆಲಸ ಮಾಡುತ್ತೀರಿ ಎಂದು ಕೇಳುವುದಿಲ್ಲ. ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ, ಹೇಳಿ ಎನ್ನುತ್ತೇನೆ. ಮನೆಯಲ್ಲೇ ಇರುತ್ತೇನೆ ಎನ್ನುವವರ ದಿನ ಎಷ್ಟು ಉದ್ದ ಎಂದು ಆಗ ತಿಳಿಯುತ್ತದೆ. ಕರಗಿದ್ದನ್ನು ತಿನ್ನಬೇಕೋ ಬೇಡವೋ ಎಂಬುದಕ್ಕೆ ಉತ್ತರ ಆ ದಿನದೊಳಗೇ ಇರುತ್ತದೆ.

ಭಾನುವಾರ ಈಗಲೂ ದೋಸೆ ಹಾಕುತ್ತೇನೆ. ಅಡುಗೆಮನೆ ಬಾಗಿಲಲ್ಲಿ ನಿಂತು ಎಷ್ಟು ಬರುತ್ತೆ ಎಂದು ಕೇಳುವವರು ಇಲ್ಲ.