ಹುಡುಕದೆ ಹೇಳಿದ ‘ಇಲ್ಲ’

“ಇಲ್ಲ ಕಣವ್ವ, ಫೋಟೋ ಡಿಲೀಟ್ ಆಗೋಗದೆ,” ಅಂದೆ. ಹೇಳುವಾಗ ಕೈಯಲ್ಲಿ ಮೌಸ್ ಇತ್ತು. ಆ ಕಡೆ ಈ ಕಡೆ ಆಡಿಸಿದೆ. ಎರಡು ಫೋಲ್ಡರ್ ತೆರೆದು ಮುಚ್ಚಿದೆ. ಹುಡುಕಲಿಲ್ಲ. ಹುಡುಕುವವನ ಹಾಗೆ ಕಾಣಿಸಿಕೊಂಡೆ, ಅಷ್ಟೆ.

ಕೌಂಟರಿನ ಆ ಕಡೆ ನಿಂತಿದ್ದ ಹೆಂಗಸು ಗಾವಡಗೆರೆ ಕಡೆಯ ಹಳ್ಳಿಯವರು. ಗಂಡ ತೀರಿಹೋಗಿ ಎಂಟು ದಿನ ಆಗಿತ್ತು. ಹನ್ನೊಂದನೇ ದಿನ ತಿಥಿ. ಎಡೆ ಇಡುವುದಕ್ಕೆ ಫೋಟೋ ಬೇಕು. ಮನೆಯಲ್ಲಿ ಒಂದೂ ಇಲ್ಲ.

“ಇಲ್ಲೇ ತಗ್ಸಿದ್ರು ಕಣಪ್ಪ, ನಿಮ್ಮ ಆ ಕರೀ ಕೋಟು ಹಾಕ್ಕಂಡು. ಇನ್ನೊಂದ್ಸಲ ನೋಡು ಮಗ. ಮಗಳ ಮೊಬೈಲ್ನಲ್ಲಿದ್ದೋ, ಅದು ನೀರಿಗ್ಬಿದ್ದು ಕೆಟ್ಟೋಯ್ತು.”

“ನೋಡ್ದೆ ಕಣವ್ವ. ಇದ್ರೆ ಕೊಡಕೆ ನಂಗೇನು?”

ಹುಣಸೂರಿನಲ್ಲಿ ನಮ್ಮದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ಹಾಕುತ್ತೇವೆ, ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುತ್ತೇವೆ. ಮೊಳೆಗೆ ಒಂದು ಕರಿ ಕೋಟು ನೇತುಹಾಕಿದ್ದೇವೆ. ಪಂಚೆ ಉಟ್ಟು ಬಂದವರೂ ಮೇಲೆ ಅದನ್ನು ಹಾಕಿಕೊಂಡು ಕೂರುತ್ತಾರೆ. ಸುತ್ತಿನ ಅದೆಷ್ಟೋ ಹಳ್ಳಿಗಳ ಮುಖ ನನ್ನ ಕಂಪ್ಯೂಟರಿನಲ್ಲಿದೆ. ನಾನು ಯಾವತ್ತೂ ಏನನ್ನೂ ಅಳಿಸಿದವನಲ್ಲ. ಜೋಡಿಸಿಟ್ಟವನೂ ಅಲ್ಲ. ಫೋಟೋಗೆ ಊರು, ಹೆಸರು ಹೊಡೆದು ಸಿಕ್ಕಿದ ಕಡೆ ಸೇವ್ ಮಾಡುತ್ತಿದ್ದೆ. ‘ನ್ಯೂ’, ‘ನ್ಯೂ ನ್ಯೂ’, ‘ಲಾಸ್ಟ್’ ಅಂತ ಫೋಲ್ಡರು, ಅದರೊಳಗೆ ಇನ್ನೊಂದು ‘ನ್ಯೂ’. ಅವತ್ತು ಆ ಫೋಟೋ ಹುಡುಕಲು ಒಂದು ಗಂಟೆ ಬೇಕಾಗುತ್ತಿತ್ತು. ನನಗೆ ಊಟಕ್ಕೆ ಹೊತ್ತಾಗಿತ್ತು. ಕಾರಣ ಅಷ್ಟೇ.

ಅವರು ಸೆರಗಿನ ಗಂಟು ಬಿಚ್ಚಿ ಗಂಡನ ಆಧಾರ್ ಕಾರ್ಡ್ ತೆಗೆದರು. “ಅಂಗಾರೆ ಇದ್ನೇ ದೊಡ್ದು ಮಾಡ್ಕೊಡು.”

ಮಾಡಿಕೊಟ್ಟೆ. ಉಗುರಿನಷ್ಟಿದ್ದ ಮುಖವನ್ನು ಒಂದು ಹಾಳೆಯಷ್ಟು ಎಳೆದೆ. ಮುಖ ಚೌಕ ಚೌಕ ಒಡೆಯಿತು. ಕಣ್ಣಿದ್ದ ಕಡೆ ಎರಡು ಮಸಿ ಗುರುತು.

“ಕಣ್ಣೇ ಕಾಣಕಿಲ್ವಲ್ಲಪ್ಪ.”

“ಕಾರ್ಡಲ್ಲಿರಾದೇ ಅಂಗೆ ಕಣವ್ವ. ಅಷ್ಟೇ ಬರಾದು.”

ಲ್ಯಾಮಿನೇಷನ್ ಮಾಡಿಸಿಕೊಂಡು ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋದರು. ನಾನು ಊಟಕ್ಕೆ ಹೋದೆ.

ಆರೇಳು ತಿಂಗಳಾದ ಮೇಲೆ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನ ಒಬ್ಬ ಲಾಮಾ ಅಂಗಡಿಗೆ ಬಂದ. ನನ್ನದೇ ವಯಸ್ಸು, ಕೆಂಪು ಬಟ್ಟೆ, ಕನ್ನಡ ನೀರು ಕುಡಿದ ಹಾಗೆ. ಮಠದಲ್ಲಿ ಹಳೇ ಗ್ರಂಥಗಳನ್ನು ಕಂಪ್ಯೂಟರಿಗೆ ಹಾಕುವುದು ಅವನ ಕೆಲಸ. ಹೋದ ವಾರ ಮಾಡಿಸಿದ್ದ ಒಂದು ಸ್ಕ್ಯಾನ್ ಕೇಳಿದ. ನಾನು ಹುಡುಕುತ್ತಾ ಕೂತೆ. ಅವನು ಬಗ್ಗಿ ನೋಡಿ ನಕ್ಕ.

“ಏನಣ್ಣ ಇದು, ತಿಪ್ಪೆಗುಂಡಿ ಇಟ್ಕೊಂಡಿದೀಯಾ? ನಮ್ದು ಲಕ್ಷ ಪುಟ ಇದೆ, ಹಿಂಗೆ ಹುಡುಕಿದ್ರೆ ಮುಂದಿನ ಜನ್ಮಕ್ಕೆ ಸಿಗೋದು.”

“ನಿಮ್ಗೆ ಮುಂದಿನ ಜನ್ಮ ಅದೆ ಬುಡಪ್ಪ, ನಮ್ಗೆ ಈಗ್ಲೇ ಬೇಕು,” ಅಂದೆ.

ಅವನು ಇಂಟರ್ನೆಟ್‌ನಿಂದ ಏನೋ ಇಳಿಸಿದ. ಟರ್ಮಿನಲ್ ಅನ್ನುವ ಕಪ್ಪು ಕಿಟಕಿ ತೆರೆದ. ಅದರಲ್ಲಿ ನನ್ನ ಫೈಲುಗಳ ಹೆಸರೆಲ್ಲ ಸಾಲಾಗಿ ಬಂತು. ಫಜ್ಜಿ ಫೈಂಡರ್ ಅಂತೆ. ಪೂರ್ತಿ ಹೆಸರು ಗೊತ್ತಿರಬೇಕಾಗಿಲ್ಲ. ನೆನಪಿಗೆ ಬಂದ ನಾಲ್ಕಕ್ಷರ ಹೊಡೆದರೆ ಸಾಕು, ಮಧ್ಯೆ ಎಷ್ಟು ಬಿಟ್ಟರೂ ಪರವಾಗಿಲ್ಲ. ಒಂದೊಂದು ಅಕ್ಷರ ಒತ್ತಿದಾಗಲೂ ಪಟ್ಟಿ ಸಣ್ಣದಾಗುತ್ತಾ ಬರುತ್ತದೆ. ಬೇಕಾದ್ದು ಮೇಲೆ ಬಂದಾಗ ಎಂಟರ್ ಒತ್ತಿದರೆ ತೆರೆದುಕೊಳ್ಳುತ್ತದೆ. ಅವನು ಗ್ರಂಥ ತಿದ್ದುವ ಎಡಿಟರಿನಲ್ಲೂ ಇದನ್ನೇ ಇಟ್ಟುಕೊಂಡಿದ್ದಾನಂತೆ. ಅವನ ಸ್ಕ್ಯಾನ್ ತಕ್ಷಣ ಸಿಕ್ಕಿತು.

“ಈಗ ನೀನು ಹೊಡಿ. ಯಾವುದಾದ್ರೂ.”

ಯಾವುದನ್ನಾದರೂ ಹೊಡೆಯಬಹುದಿತ್ತು. ನನ್ನ ಕೈ ಆ ಹೆಂಗಸಿನ ಊರಿನ ಮೂರಕ್ಷರ ಹೊಡೆಯಿತು. ಆಮೇಲೆ ಕಾರ್ಡಿನಲ್ಲಿ ಓದಿದ್ದ ಗಂಡನ ಹೆಸರಿನ ಎರಡಕ್ಷರ. ಸಾವಿರಾರು ಸಾಲು ಹೋಗಿ ಎರಡು ಉಳಿಯಿತು. ಎರಡೂ ಅವರ ಗಂಡನವೇ.

ಒಂದರಲ್ಲಿ ಕರಿ ಕೋಟು ಹಾಕಿಕೊಂಡು ಬಿಗಿಯಾಗಿ ಕೂತಿದ್ದಾರೆ. ಇನ್ನೊಂದರಲ್ಲಿ ನಗುತ್ತಿದ್ದಾರೆ. ಆಗ ನೆನಪಾಯಿತು. ಕೋಟು ಬಿಗಿ ಅಂತ ನಕ್ಕಿದ್ದರು. “ನಗಬ್ಯಾಡಿ ಯಜಮಾನ್ರೇ, ಅರ್ಜಿಗೆ ಅಂಟ್ಸಾದು,” ಅಂತ ಗದರಿ ಇನ್ನೊಂದು ತೆಗೆದಿದ್ದೆ.

“ಯಾರು ಇವರು?” ಅಂದ ಲಾಮಾ.

“ಕಸ್ಟಮರು,” ಅಂದೆ. ಕಿಟಕಿ ಮುಚ್ಚಿದೆ.

ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ನಗುವ ಫೋಟೋ ದೊಡ್ಡದು ಮಾಡಿ ಬೈಕಿನಲ್ಲಿ ಹೋದೆ. ಹೊಗೆಸೊಪ್ಪನ್ನು ಗೂಡಿನಲ್ಲಿ ಬೇಯಿಸಿ ಒಣಗಿಸುವ ಕಾಲ. ತಾಯಿ ಮಗಳು ಮನೆ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದರು.

“ಅವ್ವ, ಫೋಟೋ ಸಿಕ್ತು.”

“ಕೈಯೆಲ್ಲ ಅಂಟು ಕಣಪ್ಪ, ನೀನೇ ಇಡ್ಕಂಡು ತೋರ್ಸು.”

ಎದೆಯ ಮುಂದೆ ಹಿಡಿದುಕೊಂಡು ನಿಂತೆ. ಅವರು ತುಂಬಾ ಹೊತ್ತು ನೋಡಿದರು. “ನಗ್ತಾವ್ರೆ ನೋಡವ್ವ,” ಅಂದರು ಮಗಳಿಗೆ.

ಮಗಳು ನನ್ನನ್ನು ನೋಡಿದಳು. “ಡಿಲೀಟ್ ಆಗೋಗದೆ ಅಂದಿದ್ರಂತೆ?”

“ಹುಡ್ಕಾದು ಹೊಸಾದೊಂದು ಬಂದದೆ. ಅದ್ರಲ್ಲಿ ಸಿಕ್ತು.”

“ಪಾಪ, ನಮ್ಗೋಸ್ಕರ ಎಷ್ಟು ಕಷ್ಟಪಟ್ಟವ್ನೆ. ಅಣ್ಣಂಗೆ ನೀರು ಕೊಡು ಹೋಗವ್ವ,” ಅಂದರು ತಾಯಿ.

ಮಗಳು ಚೊಂಬು ತಂದು ಕೊಟ್ಟಳು. ಅಲ್ಲೇ ನಿಂತಳು. “ಅಣ್ಣ, ಅವತ್ತು ಹುಡ್ಕುದ್ರಾ?”

ತಪ್ಪನ್ನು ಮೆಷಿನ್ ಮೇಲೆ ಹಾಕಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ತಾಯಿ ಪಾಪ ಅಂದಿದ್ದು ಕಿವಿಯಲ್ಲೇ ಇತ್ತು.

“ಇಲ್ಲ. ಹುಡುಕ್ನಿಲ್ಲ. ಊಟಕ್ಕೆ ಹೋಗ್ಬೇಕಿತ್ತು,” ಅಂದೆ.

ತಾಯಿಯ ಕೈ ಒಂದು ಸಲ ನಿಂತಿತು. ಆಮೇಲೆ ಮತ್ತೆ ಎಲೆ ಕಟ್ಟತೊಡಗಿತು.

“ನಾನು ತಿಥಿ ದಿನ ಆ ಫೋಟೋಗೆ ಕೈಯೇ ಮುಗೀನಿಲ್ಲ,” ಅಂದಳು ಮಗಳು. “ಇದ್ಯಾರೋ, ನಮ್ಮಪ್ಪ ಅಲ್ಲ ಅಂದೆ. ನೆಂಟ್ರೆಲ್ಲ ಬೈದ್ರು.”

“ಆ ಹಳೇದ ತಗ್ದು ಇದ್ನ ಹಾಕವ್ವ, ನಾನೇ ಫ್ರೇಮು ಹಾಕಿಸ್ಕೊಡ್ತೀನಿ,” ಅಂದೆ ತಾಯಿಗೆ.

“ಅದೆಂಗಾದದು? ಎಡೆ ಇಟ್ಟಿದ್ದು ಅದುಕ್ಕೆ. ಹೂವ ಮುಡ್ಸಿದ್ದು ಅದುಕ್ಕೆ. ಇನ್ನ ಅದೇಯಾ.” ತಲೆ ಎತ್ತಲಿಲ್ಲ. “ಆಯ್ತು ಬುಡು.”

ಬಾಗಿಲಿನಿಂದ ಒಳಗಿನ ಗೋಡೆ ಕಾಣುತ್ತಿತ್ತು. ನಾನು ಮಾಡಿಕೊಟ್ಟದ್ದು ಅಲ್ಲಿ ನೇತಾಡುತ್ತಿತ್ತು. ಹಣೆ ಎಲ್ಲಿದೆ ಅಂತ ಗೊತ್ತಾಗದೆ ಅಂದಾಜಿನ ಮೇಲೆ ವಿಭೂತಿ ಹಚ್ಚಿದ್ದರು. ಮಗಳು ಕೈ ಒರೆಸಿಕೊಂಡು ನನ್ನ ಕೈಯಲ್ಲಿದ್ದ ಫೋಟೋ ತೆಗೆದುಕೊಂಡು ಒಳಗೆ ಹೋದಳು. ಎಲ್ಲಿಟ್ಟಳೋ ಕಾಣಲಿಲ್ಲ. ನಾನು ನೀರು ಕುಡಿಯದೆ ಚೊಂಬು ಕೆಳಗಿಟ್ಟೆ.

ಆ ಕಪ್ಪು ಕಿಟಕಿ ಈಗಲೂ ದಿನಾ ತೆರೆಯುತ್ತೇನೆ. ಯಾರು ಏನು ಕೇಳಿದರೂ ಹುಡುಕಿಯೇ ಹೇಳುತ್ತೇನೆ. ಅದರಿಂದ ಆ ಗೋಡೆಯ ಮೇಲಿನದೇನೂ ಬದಲಾಗುವುದಿಲ್ಲ. ಇಷ್ಟೇ.