ನನ್ನ ಹೆಸರಿನಲ್ಲಿದ್ದ ಜೆಟ್ ಸ್ಕೀ

ಮೊದಲೇ ಹೇಳಿಬಿಡುತ್ತೇನೆ, ನನಗೆ ಈಜು ಬಾರದು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು, ನೀರು ಮೊಣಕಾಲು ದಾಟಿದರೆ ಕಿರುಚಿಕೊಳ್ಳುವವಳು. ಅಂಥವಳು ದೋಹಾದಲ್ಲಿ ಒಂದು ಜೆಟ್ ಸ್ಕೀ ಕೊಂಡೆ, ಅದೂ ಸೆಕೆಂಡ್ ಹ್ಯಾಂಡು. ಸಮುದ್ರದ ಮೇಲೆ ಬೈಕಿನ ಹಾಗೆ ಕೂತು ಓಡಿಸುತ್ತಾರಲ್ಲ, ಅದು. ನನಗಾಗಿ ಅಲ್ಲ, ನಮ್ಮೆಜಮಾನರಿಗಾಗಿ. ಅವರು ಮಾತು ಬಿಟ್ಟು ಆಗಲೇ ಏಳು ತಿಂಗಳಾಗಿತ್ತು.

ಜಗಳವಾಡಿ ಬಿಟ್ಟದ್ದಲ್ಲ. ಜಗಳವಾಡಿದ್ದರೆ ನಾನು ಸುಮ್ಮನೆ ಬಿಡುತ್ತಿದ್ದೆನೇ? "ಊಟ ಆಯ್ತಾ" ಅಂದರೆ "ಹೂಂ", "ಎಸಿ ಕಮ್ಮಿ ಮಾಡ್ಲಾ" ಅಂದರೂ "ಹೂಂ". ಮಲ್ಪೆ ಕಡೆಯವರು ಅವರು, ಮನೆಮಾತು ತುಳು, ಚಿಕ್ಕಂದಿನಿಂದ ದೋಣಿ ಎಂಜಿನ್ನುಗಳ ನಡುವೆಯೇ ಬೆಳೆದವರು. ಇಲ್ಲಿ ಹದಿನೆಂಟು ವರ್ಷ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಜನರೇಟರುಗಳನ್ನು ನೋಡಿಕೊಂಡರು. ಸೈಟಿನಿಂದ ಫೋನು ಬಂದರೆ, "ಫೋನನ್ನು ಸ್ವಲ್ಪ ಅದರ ಹತ್ತಿರ ಹಿಡಿ ಮಾರಾಯ" ಎಂದು ಬರೀ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರು. ಊಟಕ್ಕೆ ಕೂತಾಗಲೂ ಅದೇ ಸುದ್ದಿ. "ನಿಮ್ಮ ಪಿಸ್ಟನ್ ಪುರಾಣ ಸಾಕು ಮಾಡಿ, ಸಾರು ಆರಿಹೋಗತ್ತೆ" ಎಂದು ನಾನು ಬೈಯುತ್ತಿದ್ದೆ.

ದೊಡ್ಡ ದೊಡ್ಡ ಕಟ್ಟಡಗಳ ಕೆಲಸವೆಲ್ಲ ಮುಗಿದ ಮೇಲೆ ಕಂಪನಿ ಜನರನ್ನು ಒಬ್ಬೊಬ್ಬರಾಗಿ ಕಳಿಸತೊಡಗಿತು. ಇವರ ಸರದಿಯೂ ಬಂತು. ಐವತ್ತೆರಡರ ವಯಸ್ಸಿಗೆ ಹೊಸ ಕೆಲಸ ಎಲ್ಲಿ ಸಿಗಬೇಕು? ನನಗೆ ವೆಸ್ಟ್ ಬೇಯಲ್ಲಿ ಎಚ್‌ಆರ್ ಕೆಲಸವಿತ್ತು, ಮಗಳು ಊರಿನಲ್ಲಿ ಕಾಲೇಜು ಓದುತ್ತಿದ್ದಳು, ನಾನು ಬಿಟ್ಟು ಹೊರಡುವ ಹಾಗಿರಲಿಲ್ಲ. ಅವರ ವೀಸಾವನ್ನು ನನ್ನ ಸ್ಪಾನ್ಸರ್‌ಶಿಪ್ಪಿಗೆ ಬದಲಾಯಿಸಿದೆವು. ಹೊಸ ಐಡಿ ಕಾರ್ಡು ಬಂದಾಗ ತಿರುಗಿಸಿ ನೋಡಿದೆ. ಕಂಪನಿಯ ಹೆಸರಿದ್ದ ಜಾಗದಲ್ಲಿ ನನ್ನ ಹೆಸರು. "ಇನ್ಮೇಲೆ ನಾನೇ ನಿಮ್ಮ ಬಾಸು ಕಣ್ರೀ" ಎಂದು ನಕ್ಕೆ. ಅವರೂ ನಕ್ಕರು. ಆಮೇಲೆ ಅದನ್ನು ಪರ್ಸಿಗೆ ಸೇರಿಸಿಕೊಂಡರು.

ಅಲ್ಲಿಂದ ಮುಂದೆ ನಮ್ಮ ಬಿನ್ ಒಮ್ರಾನ್ ಫ್ಲ್ಯಾಟಿನಲ್ಲಿ ಅವರ ದಿನ ಹೇಗೆ ಕಳೆಯುತ್ತಿತ್ತೋ ದೇವರಿಗೇ ಗೊತ್ತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅನ್ನ ಆಗಿರುತ್ತಿತ್ತು, ಬಟ್ಟೆ ಮಡಿಸಿ ಇಟ್ಟಿರುತ್ತಿತ್ತು. ತೊಳೆಯಲಿ, ಮಡಿಸಲಿ, ಅದು ತಪ್ಪಲ್ಲ. ಆದರೆ ಒಂದು ಅಂಗಿಯ ತೋಳು ಆ ಕಡೆ ಈ ಕಡೆ ಆಗದ ಹಾಗೆ ಯಾರೋ ಪರೀಕ್ಷೆಗೆ ಬರುತ್ತಾರೇನೋ ಎಂಬಂತೆ ಮಡಿಸುತ್ತಿದ್ದರು. ಪರೀಕ್ಷಕಿ ನಾನೇ ಎಂದು ಆಗ ಹೊಳೆಯಲಿಲ್ಲ.

ಒಂದು ಶುಕ್ರವಾರ ಸಂಜೆ ಕಾರ್ನಿಶ್ ಕಡಲದಂಡೆಯ ಮೇಲೆ ಕೂತಿದ್ದೆವು. ದೂರದಲ್ಲಿ ಮೂರು ನಾಲ್ಕು ಜೆಟ್ ಸ್ಕೀಗಳು ಗಿರಕಿ ಹೊಡೆಯುತ್ತಿದ್ದವು. ಇದ್ದಕ್ಕಿದ್ದಂತೆ ಅವರು, "ಆ ಕೆಂಪು ಉಂಟಲ್ಲ, ಅದು ಸರಿ ಓಡ್ತಾ ಇಲ್ಲ. ಕೇಳು, ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಹೊಡೀತಾ ಉಂಟು" ಅಂದರು.

ಅಬ್ಬಾ! ಏಳು ತಿಂಗಳಲ್ಲಿ ಕೇಳಿದ ಅತಿ ಉದ್ದದ ಮಾತು. ನನಗೆ ಆ ಸದ್ದಿನಲ್ಲಿ ಕೆಂಪು ಯಾವುದು ನೀಲಿ ಯಾವುದು ಒಂದೂ ತಿಳಿಯಲಿಲ್ಲ. ಆದರೆ ಮದ್ದು ಸಿಕ್ಕಿತು ಎಂದುಕೊಂಡೆ. ನನ್ನ ಸ್ವಭಾವವೇ ಅದು. ಯಾರಿಗಾದರೂ ಕಷ್ಟವೆಂದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುತ್ತೇನೆ. ಕಷ್ಟದಲ್ಲಿರುವವರನ್ನು ಒಂದು ಮಾತು ಕೇಳುವ ಅಭ್ಯಾಸವಿಲ್ಲ.

ಭಾನುವಾರದಿಂದಲೇ ಹುಡುಕಾಟ. ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಜಾಹೀರಾತು ನೋಡಿದೆ, ವಾಟ್ಸ್ಯಾಪ್ ಗುಂಪುಗಳಲ್ಲಿ ವಿಚಾರಿಸಿದೆ. ಹೊಸದರ ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಹಳೆಯದಾದರೆ ಆ ವರ್ಷದ ಬೋನಸ್ಸಿಗೆ ಹೊಂದುತ್ತಿತ್ತು. ಒಂದು ಫೋಟೋ ಇಷ್ಟವಾಯಿತು. ನೀಲಿ ಬಿಳಿ ಬಣ್ಣ, ಫಳಫಳ ಅನ್ನುತ್ತಿತ್ತು. ಫೋನು ಮಾಡಿ ಹಿಂದಿಯಲ್ಲಿ ಶುರು ಮಾಡಿದೆ. ಆ ಕಡೆಯವನು ಎರಡು ಮಾತು ಕೇಳಿ, "ಮೇಡಂ, ನೀವು ಕನ್ನಡದವ್ರಾ? ನಾನೂ ಮೈಸೂರೇ!" ಅಂದ.

ಮುಗಿಯಿತು ಕಥೆ. ಪರದೇಶದಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ನಮ್ಮಂಥವರ ಬುದ್ಧಿ ಮಂಕಾಗುವುದು ಹೀಗೆ. ಅವನು ಸರಸ್ವತೀಪುರಂನವನಂತೆ. ನಾನು ಓದಿದ ಕಾಲೇಜಿನ ಹಿಂದಿನ ರಸ್ತೆ. ಸಂಬಂಧ ಕುದುರಿಸಲು ಹೊರಟವರ ಹಾಗೆ ಅರ್ಧ ಗಂಟೆ ಮಾತಾಡಿದೆವು. ಜೆಟ್ ಸ್ಕೀ ಬಗ್ಗೆ ಐದು ನಿಮಿಷವೂ ಮಾತಾಡಲಿಲ್ಲ.

ಶನಿವಾರ ಬೆಳಗ್ಗೆ ಇವರನ್ನು ಕರೆದುಕೊಂಡು ವಕ್ರಾ ಕಡೆಯ ಯಾರ್ಡಿಗೆ ಹೋದೆ. ದೋಣಿಗಳನ್ನು ಬಾಡಿಗೆಗೆ ನಿಲ್ಲಿಸಿಕೊಳ್ಳುವ ಜಾಗ ಅದು. ಎಲ್ಲಿಗೆ ಎಂದು ದಾರಿಯಲ್ಲಿ ಹೇಳಲೇ ಇಲ್ಲ, ಸರ್‌ಪ್ರೈಸು ಎಂದುಬಿಟ್ಟೆ. ಟ್ರೇಲರಿನ ಮೇಲೆ ಕೂರಿಸಿದ್ದ ಆ ಗಾಡಿಯನ್ನು ತೋರಿಸಿ, "ನಿಮಗೇ ಕಣ್ರೀ!" ಎಂದಾಗ ಅವರ ಮುಖ ಅರಳಿತು. ಅರಳಿತು ಎಂಬುದು ನನ್ನ ಭ್ರಮೆಯಲ್ಲ. ಎರಡು ಸುತ್ತು ಸುತ್ತಿದರು, ಬಗ್ಗಿ ಕೆಳಗೆ ನೋಡಿದರು, ಸೀಟು ಎತ್ತಿ ಎಂಜಿನ್ನಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ, "ನೀರಿಗಿಳಿಸಿ ನೋಡುವನಾ?" ಎಂದರು, ಮೆಲ್ಲಗೆ.

"ಇವತ್ತು ಗಾಳಿ ಜಾಸ್ತಿ ಇದೆ ಸಾರ್, ಅಲೆ ನೋಡಿ" ಅಂದ ಮೈಸೂರಿನವನು. ಗಾಳಿ ಇತ್ತೋ ಇಲ್ಲವೋ, ನನಗೆ ನೆನಪಿಲ್ಲ. "ಇಲ್ಲೇ ಸ್ಟಾರ್ಟ್ ಮಾಡಿ ತೋರಿಸ್ತೀನಿ ಅಕ್ಕ" ಎಂದು ಗುಂಡಿ ಒತ್ತಿದ. ಒಂದೇ ಏಟಿಗೆ ಗುಡುಗಿತು. ಹತ್ತು ಸೆಕೆಂಡು ಓಡಿಸಿ ನಿಲ್ಲಿಸಿದ. ನೀರಿಲ್ಲದೆ ಹೆಚ್ಚು ಹೊತ್ತು ಓಡಿಸಬಾರದಂತೆ. ನಾನು ಚಪ್ಪಾಳೆ ತಟ್ಟಿದೆ, ಹೌದು, ತಟ್ಟಿದೆ!

ಅವನು ಕೈ ಒರೆಸಿಕೊಳ್ಳುತ್ತ, "ಸಾರ್ ಏನೂ ಹೇಳ್ಲೇ ಇಲ್ವಲ್ಲ ಅಕ್ಕ" ಅಂದ.

"ಅವರದೇನಿದೆ, ನಾನು ಒಪ್ಪಿದ್ರೆ ಆಯ್ತು. ದುಡ್ಡು ಕೊಡೋಳು ನಾನಲ್ವಾ" ಎಂದು ನಾನು ಜೋರಾಗಿ ನಕ್ಕೆ. ಅವನೂ ನಕ್ಕ. ಇವರು ಸೀಟನ್ನು ಮೊದಲಿದ್ದ ಹಾಗೆ ಮುಚ್ಚಿದರು.

ಕಾಗದಪತ್ರವೆಲ್ಲ ನನ್ನ ಹೆಸರಿಗೇ ಆಯಿತು. ಗಾಡಿಯನ್ನು ಅದೇ ಯಾರ್ಡಿನಲ್ಲಿ ಬಿಟ್ಟೆವು. ನಾನು ಎರಡು ಲೈಫ್ ಜಾಕೆಟ್ ತಂದೆ, ನೀರಿಗೆ ಇಳಿಯುವ ಧೈರ್ಯವಿಲ್ಲದಿದ್ದರೂ ಒಂದು ನನಗೂ. ಮಗಳಿಗೆ ಫೋಟೋ ಕಳಿಸಿ, "ಅಪ್ಪ ಮತ್ತೆ ಮೊದಲಿನ ಹಾಗಾಗ್ತಾರೆ ನೋಡ್ತಿರು" ಎಂದು ಬರೆದೆ. ಆ ವಾರವೆಲ್ಲ ಇವರು ಮಾತಾಡಲಿಲ್ಲ. ಶುಕ್ರವಾರ ಬರಲಿ ಎಂದು ನಾನು ದಿನ ಎಣಿಸಿದೆ.

ಶುಕ್ರವಾರ ಬೆಳಗ್ಗೆ ಥರ್ಮಾಸಿನಲ್ಲಿ ಕಾಫಿ, ಡಬ್ಬಿಯಲ್ಲಿ ಉಪ್ಪಿಟ್ಟು. ಯಾರ್ಡಿನವರು ಇಳಿಜಾರಿನಲ್ಲಿ ಟ್ರೇಲರನ್ನು ನೀರಿಗೆ ಇಳಿಸಿಕೊಟ್ಟರು. ಗುಂಡಿ ಒತ್ತಿದರೆ ಅದು ಹೊತ್ತಿಕೊಳ್ಳಲೇ ಇಲ್ಲ. ಹತ್ತು ಸಲ ಕೆಮ್ಮಿತು. ಇವರು ಏನೇನೋ ಮಾಡಿ ಹನ್ನೊಂದನೆಯ ಸಲಕ್ಕೆ ಹೊತ್ತಿಸಿ, ನನ್ನ ಕಡೆ ಒಮ್ಮೆ ನೋಡಿ, ನಿಧಾನವಾಗಿ ಹೊರಟರು. ನಾನು ಕೈ ಬೀಸಿದೆ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದನ್ನು ನೋಡಿ ನನಗೆ ಅಳು ಬಂತು, ಸಂತೋಷಕ್ಕೇ ಬಂದ ಅಳು.

ಸ್ವಲ್ಪ ದೂರ ಹೋಗಿರಬಹುದು. ಸದ್ದು ನಿಂತಿತು. ಬಿಳಿ ಹೊಗೆ ಎದ್ದಿತು. ಇವರು ಸೀಟಿನ ಮೇಲೆ ಸುಮ್ಮನೆ ಕೂತಿದ್ದಾರೆ, ಅಲೆ ಅವರನ್ನು ಆ ಕಡೆ ಈ ಕಡೆ ತೂಗುತ್ತಿದೆ. ಕೈ ಎತ್ತಿ ಯಾರನ್ನೂ ಕರೆಯಲಿಲ್ಲ. ದಂಡೆಯಲ್ಲಿ ನಾನೇ ಹುಚ್ಚಿಯ ಹಾಗೆ ಕೂಗಿದೆ, "ಅಯ್ಯೋ ಯಾರಾದ್ರೂ ಹೋಗ್ರಪ್ಪಾ, ಭಾಯ್, ಹೆಲ್ಪ್, ಹೆಲ್ಪ್!" ಒಬ್ಬ ಅರಬ್ಬೀ ಯುವಕ ತನ್ನ ಸ್ಕೀಯಲ್ಲಿ ಹೋಗಿ ಹಗ್ಗ ಕಟ್ಟಿ ಎಳೆದು ತಂದ. "ಖಲಾಸ್, ಎಂಜಿನ್ ಖಲಾಸ್" ಎಂದು ಇವರ ಹೆಗಲು ತಟ್ಟಿ ಹೋದ. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಇವರು ಸೊಂಟದ ಮಟ್ಟದ ನೀರಿನಲ್ಲಿ ಇಳಿದು, ತಲೆ ತಗ್ಗಿಸಿ ಅದನ್ನು ತಳ್ಳಿಕೊಂಡು ಬಂದರು.

ನಾನು ಅಲ್ಲಿಯೇ ನಿಂತು ಮೈಸೂರಿನವನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಇಪ್ಪತ್ತು ಸಲ ಹಚ್ಚಿದೆ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ. ಅವನ ಮನೆ ಹಾಳಾಗ, ಅಕ್ಕ ಅಂದ ಬಾಯಿಗೆ ಹುಳ ಬೀಳ! ಬೈದೂ ಬೈದೂ ನನ್ನ ಗಂಟಲು ಕಟ್ಟಿತು. ಇವರು ಒದ್ದೆ ಬಟ್ಟೆಯಲ್ಲೇ ಟ್ರೇಲರಿನ ಬೆಲ್ಟು ಬಿಗಿಯುತ್ತಿದ್ದರು.

ಯಾರ್ಡಿನ ಮೆಕ್ಯಾನಿಕ್ಕು ಒಬ್ಬ ಮಲಯಾಳಿ. ಎಣ್ಣೆ ನೋಡುವ ಕಡ್ಡಿ ಎಳೆದು ನನ್ನ ಮುಂದೆ ಹಿಡಿದ. ಹಾಲು ಬೆರೆಸಿದ ಚಹಾದ ಬಣ್ಣ. "ನೋಡಿ ಚೇಚಿ, ಎಣ್ಣೆಗೆ ನೀರು ಸೇರಿದೆ. ಇದು ಹಳೆಯ ಕಾಯಿಲೆ. ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು ನೋಡಿ, ಮೊದಲೇ ಬಿಚ್ಚಿ ಮುಚ್ಚಿದ್ದಾರೆ" ಎಂದು ಹಿಂದಿಯಲ್ಲಿ ವಿವರಿಸಿದ. ಆಮೇಲೆ ನಮ್ಮನ್ನು ನೋಡಿ ಕನಿಕರದಿಂದ, "ಎಂಜಿನ್ ಗೊತ್ತಿರೋ ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿದ್ರೆ ಒಂದು ನಿಮಿಷದಲ್ಲಿ ಹೇಳ್ತಿದ್ರು" ಅಂದ.

ನಾನು ಇವರ ಕಡೆ ತಿರುಗಿದೆ. ಇವರು ನೆಲ ನೋಡುತ್ತಿದ್ದರು. ಕಾರಿನಲ್ಲಿ ಕೂತ ಮೇಲೆ ಕೇಳಿದೆ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗ?"

"ಮುಟ್ಟಿದ ಕೂಡಲೇ. ಎಂಜಿನ್ ಬಿಸಿ ಇತ್ತು. ನಾವು ಬರುವ ಮೊದಲೇ ಓಡಿಸಿ ಬಿಸಿ ಮಾಡಿ ಇಟ್ಟಿದ್ದ. ತಣ್ಣಗಿದ್ದರೆ ಅದು ಸ್ಟಾರ್ಟ್ ಆಗುದಿಲ್ಲ."

"ಮತ್ತೆ ಯಾಕ್ರೀ ಬಾಯಿ ಬಿಡ್ಲಿಲ್ಲ? ಯಾಕೆ? ನನ್ನ ಕೈ ಹಿಡಿದು ಎಳೆದು, ಬೇಡ ಕಣೇ ಅನ್ನೋಕೆ ಏನಾಗಿತ್ತು ನಿಮಗೆ?" ನಾನು ಕಿರುಚುತ್ತಿದ್ದೆ.

ಅವರು, "ನೀನು ಒಪ್ಪಿದ್ರೆ ಆಯ್ತು ಅಂತ ಹೇಳಿದ್ದಲ್ಲ" ಅಂದರು.

"ಅಯ್ಯೋ, ಅದು ತಮಾಷೆಗೆ ಅಂದಿದ್ದು..."

"ತಮಾಷೆ ಅಂತ ಗೊತ್ತುಂಟು. ಆದ್ರೆ ಆಮೇಲೆ ನಾನು ಮಾತಾಡುದು ಹೇಗೆ, ಆ ಜನದ ಎದುರು?" ಸ್ವರದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ದುಡ್ಡು ಹೋಯಿತು ಎಂದಲ್ಲ, ದುಡ್ಡು ಹಾಳಾಗಲಿ. ಅವರ ಬಾಯಿಗೆ ಬೀಗ ಹಾಕಿದ್ದು ಕಂಪನಿ ಎಂದು ಏಳು ತಿಂಗಳು ಕಂಪನಿಯನ್ನು ಶಪಿಸಿದ್ದೆ. ಬೀಗದ ಕೈ ನನ್ನ ಹತ್ತಿರವೂ ಒಂದಿತ್ತು. ಅವರಿಗೆ ಪ್ರಪಂಚದಲ್ಲಿ ಗೊತ್ತಿದ್ದದ್ದು ಒಂದೇ ವಿಷಯ, ಎಂಜಿನ್ನು. ಎಂಜಿನ್ನಿನ ಮುಂದೆ ನಿಲ್ಲಿಸಿಯೂ ನಾನು ಅವರನ್ನು ಕೇಳಲಿಲ್ಲ. ಮೈಸೂರಿನವನು ನನಗೆ ಮಾಡಿದ ಮೋಸ ದೊಡ್ಡದೋ, ನಾನು ಮಾಡಿದ್ದು ದೊಡ್ಡದೋ ಎಂದು ಮಲಗಿದಲ್ಲೇ ಯೋಚಿಸಿದೆ. ಉತ್ತರ ಗೊತ್ತಿದ್ದರಿಂದ ನಿದ್ದೆ ಬರಲಿಲ್ಲ.

ರಿಪೇರಿ ಮಾಡಿಸುವ ಶಕ್ತಿ ನಮಗಿರಲಿಲ್ಲ. ಯಾರ್ಡಿನ ಬಾಡಿಗೆ ಬೇರೆ ಏರುತ್ತಿತ್ತು. ಮಾರಿಬಿಡೋಣ ಎಂದೆ. ಈ ಸಲ ಜಾಹೀರಾತು ಅವರೇ ಹಾಕಲಿ, ಫೋನು ಅವರಿಗೇ ಬರಲಿ, ಮಾತೂ ಅವರೇ ಆಡಲಿ ಎಂದು ಗಟ್ಟಿ ಮನಸ್ಸು ಮಾಡಿದೆ. ಮೂರು ವಾರದ ಮೇಲೆ ಒಬ್ಬ ನೋಡಲು ಬರುತ್ತೇನೆ ಎಂದ. ಹೋಗುವಾಗ ದಾರಿಯುದ್ದಕ್ಕೂ, "ಎಲ್ಲಾ ಬಿಡಿಸಿ ಹೇಳೋಕೆ ಹೋಗ್ಬೇಡಿ" ಎಂಬ ಮಾತು ನನ್ನ ತುದಿನಾಲಿಗೆಗೆ ಬಂದು ಬಂದು ಹೋಯಿತು. ಹಲ್ಲು ಕಚ್ಚಿ ಕೂತೆ. ಯಾರ್ಡಿನಲ್ಲಿ ಕಾರಿನಿಂದ ಇಳಿಯಲೇ ಇಲ್ಲ.

ಬಂದವನು ಕೊರಳಲ್ಲಿ ಆಫೀಸಿನ ಗುರುತಿನ ಕಾರ್ಡು ನೇತುಹಾಕಿಕೊಂಡ, ನಮ್ಮ ಕಡೆಯವನಲ್ಲದ ಮನುಷ್ಯ. ಕಾರಿನ ಗಾಜಿನೊಳಗಿಂದ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಇವರು ಸೀಟು ಎತ್ತಿದರು. ಕಡ್ಡಿ ಎಳೆದು ತೋರಿಸಿದರು. ಬೋಲ್ಟುಗಳ ಮೇಲೆ ಬೆರಳಿಟ್ಟರು. ಆಮೇಲೆ ಎರಡೂ ಕೈ ಎತ್ತಿ ಅದೇನೋ ತಿರುಗುವುದನ್ನು, ಅದೇನೋ ಒಳಗೆ ನುಗ್ಗುವುದನ್ನು ಗಾಳಿಯಲ್ಲಿ ಬಿಡಿಸಿ ತೋರಿಸಿದರು. ಆ ಮನುಷ್ಯ ಬಗ್ಗಿ ನೋಡಿದ, ಏನೋ ಕೇಳಿದ, ತಲೆದೂಗಿದ, ಮತ್ತೆ ಕೇಳಿದ. ಅರ್ಧ ಗಂಟೆ ಹೀಗೇ ಕಳೆಯಿತು. ಕೊನೆಗೆ ಇವರ ಕೈ ಕುಲುಕಿ, ಗಾಡಿಯ ಕಡೆ ತಿರುಗಿಯೂ ನೋಡದೆ ಹೊರಟುಹೋದ.

ಇವರು ಬಂದು ಪಕ್ಕದಲ್ಲಿ ಕೂತು ಸೀಟ್ ಬೆಲ್ಟು ಹಾಕಿಕೊಂಡರು.

"ಏನಂದ?"

"ಬೇಡ ಅಂದ. ಬೇಡ ಅಂತ ನಾನೇ ಹೇಳಿದೆ ಅವನಿಗೆ." ಕೈಗೆ ಹತ್ತಿದ್ದ ಎಣ್ಣೆಯನ್ನು ಕರವಸ್ತ್ರದಿಂದ ಒರೆಸಿಕೊಂಡರು. ಆಮೇಲೆ, "ಒಳ್ಳೆ ಜನ ಮಾರಾಯ್ತಿ. ಹೇಳಿದ್ದನ್ನು ಪೂರ್ತಿ ಕೇಳಿದ" ಅಂದರು.

ಕಾರು ಹೊರಡಿಸಲು ಹೋದವಳು ಕೀಲಿಯಿಂದ ಕೈ ತೆಗೆದೆ. "ಅವನಿಗೆ ಹೇಳಿದ್ದನ್ನ ನನಗೂ ಹೇಳ್ರೀ. ನಾನೂ ಕೇಳ್ತೀನಿ, ಮಧ್ಯೆ ಬಾಯಿ ಹಾಕಲ್ಲ, ಆಣೆ" ಅಂದೆ.

ಅವರು ನನ್ನನ್ನು ನೋಡಿದರು. ನಿಜಕ್ಕೂ ನನ್ನನ್ನು ಕಂಡು ಅಯ್ಯೋ ಅನ್ನಿಸಿದಂತೆ ನೋಡಿದರು.

"ನಿನಗೆ ಇನ್ನು ಎಂತ ಹೇಳುದು? ನೀನು ತಗೊಂಡು ಆಗಿದೆಯಲ್ಲ" ಎಂದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.